ಆನ್‌ಲೈನ್ ವಿಚಾರ ಸಂಕಿರಣ: ಲಿಂಕ್ ಕಳಿಸಿದರೆ ಎಲ್ಲರನ್ನೂ ಕರೆದಂತಲ್ಲ

ಪದವಿ ಕಾಲೇಜೊಂದರ ಕನ್ನಡ ವಿಭಾಗ ಒಂದು ದಿನದ ರಾಜ್ಯಮಟ್ಟದ ಆನ್‌ಲೈನ್ ವಿಚಾರ ಸಂಕಿರಣ ಇಟ್ಟುಕೊಂಡಿದೆ ಎನ್ನಿ. ಆಹ್ವಾನ ವಾಟ್ಸಾಪಿನಲ್ಲಿ ಪೋಸ್ಟರಾಗಿ ಬರುತ್ತದೆ: ಪ್ರಾಂಶುಪಾಲರ ಫೋಟೊ, ಸಂಪನ್ಮೂಲ ವ್ಯಕ್ತಿಗಳ ಫೋಟೊ, ಹೂಬಳ್ಳಿಯ ಅಂಚು, ಮೂಲೆಯಲ್ಲೊಂದು ಕ್ಯೂಆರ್ ಕೋಡ್. ದಿನಾಂಕ, ಸಮಯ, ನೋಂದಣಿ ಲಿಂಕ್ ಎಲ್ಲವೂ ಆ ಚಿತ್ರದೊಳಗೇ ಇವೆ. ಅಂಧ ಅಧ್ಯಾಪಕರೊಬ್ಬರ ಫೋನಿನಲ್ಲಿರುವ, ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಟಾಕ್‌ಬ್ಯಾಕ್ ಅದನ್ನು ‘ಫೋಟೊ’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತದೆ. ಯಾರೋ ಓದಿ ಹೇಳಿ ನೋಂದಣಿಯಾಯಿತು ಎಂದೇ ಇಟ್ಟುಕೊಳ್ಳೋಣ. ಆಮೇಲೆ ಬರುವ ಪ್ರಬಂಧಗಳ ಪಿಡಿಎಫ್ ಹಳೆಯ ನುಡಿ ಫಾಂಟಿನಲ್ಲಿದೆ. ಸ್ಕ್ರೀನ್ ರೀಡರ್‌ನ ಬಾಯಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅದೇ ಕಾರ್ಯಕ್ರಮಕ್ಕೆ ಸೇರಿದ ಕಿವುಡ ಸಂಶೋಧನಾ ವಿದ್ಯಾರ್ಥಿನಿಗೆ ಭಾಷಣಕಾರರ ತುಟಿಯೂ ಕಾಣುವುದಿಲ್ಲ. ಪರದೆ ತುಂಬ ಸ್ಲೈಡು, ಅವರ ಮುಖ ಮೂಲೆಯಲ್ಲಿ ಅಂಚೆಚೀಟಿಯಷ್ಟು.

ಬೇಕೆಂದೇ ಯಾರೂ ಹೀಗೆ ಮಾಡುವುದಿಲ್ಲ. ಆನ್‌ಲೈನ್ ಎಂದರೆ ಮೆಟ್ಟಿಲು ಹತ್ತಬೇಕಿಲ್ಲ, ಬಸ್ಸು ಹಿಡಿಯಬೇಕಿಲ್ಲ, ಹಾಗಾಗಿ ಎಲ್ಲರಿಗೂ ಅನುಕೂಲ ಎಂಬ ನಂಬಿಕೆ ಇದೆ. ಗಾಲಿಕುರ್ಚಿ ಬಳಸುವವರ ಮಟ್ಟಿಗೆ, ದೀರ್ಘಕಾಲದ ಕಾಯಿಲೆಯಿಂದ ಮನೆಯಲ್ಲೇ ಇರುವವರ ಮಟ್ಟಿಗೆ ಅದು ನಿಜವೂ ಹೌದು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. 2011ರ ಜನಗಣತಿಯ ಪ್ರಕಾರವೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಇವರಲ್ಲಿ ಹಲವರಿಗೆ ಅಡ್ಡಿಯಾಗುವುದು ಮೆಟ್ಟಿಲಲ್ಲ, ಕಡತ. ತೊಡಕುಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡಿದರೆ ಹೆಚ್ಚಿನವು ಎರಡು ಕೊರತೆಗಳಿಗೆ ಬಂದು ನಿಲ್ಲುತ್ತವೆ: ಕಾಣುವುದಕ್ಕೆ, ಕೇಳುವುದಕ್ಕೆ ಜೊತೆಯಾಗಿ ಸರಿಯಾದ ಪಠ್ಯವಿಲ್ಲ, ಪಠ್ಯವಿದ್ದರೂ ಅದು ಮುಂಚಿತವಾಗಿ ಕೈಗೆ ಸಿಗುವುದಿಲ್ಲ. ಹಾಗಾಗಿ ಕೆಲಸದ ಮುಕ್ಕಾಲು ಪಾಲು ಕಾರ್ಯಕ್ರಮದ ದಿನಕ್ಕಿಂತ ಮೊದಲೇ ಮುಗಿದಿರಬೇಕು.

ಆಹ್ವಾನ ಮತ್ತು ನೋಂದಣಿ

ಪೋಸ್ಟರ್ ಇರಲಿ, ಬೇಡವೆನ್ನುವುದಿಲ್ಲ. ಅದರ ಕೆಳಗೆ ಅದೇ ಸಂದೇಶದಲ್ಲಿ ಎಲ್ಲ ವಿವರವನ್ನೂ ಅಕ್ಷರದಲ್ಲಿ ಟೈಪ್ ಮಾಡಿ ಹಾಕಿ: ವಿಷಯ, ದಿನಾಂಕ, ಆರಂಭ ಮತ್ತು ಮುಕ್ತಾಯದ ಸಮಯ, ಒತ್ತಿದರೆ ತೆರೆದುಕೊಳ್ಳುವ ಲಿಂಕ್, ಯಾವ ಆ್ಯಪ್ ಬೇಕು, ಯಾರನ್ನು ಸಂಪರ್ಕಿಸಬೇಕು. ಸಂಪರ್ಕಕ್ಕೆ ಫೋನ್ ನಂಬರ್ ಒಂದನ್ನೇ ಕೊಟ್ಟರೆ ಕಿವುಡರಿಗೂ ತೊದಲು ಇರುವವರಿಗೂ ಅದು ಪ್ರಯೋಜನಕ್ಕೆ ಬರುವುದಿಲ್ಲ. ಸಂದೇಶ ಕಳಿಸಬಹುದಾದ ನಂಬರ್ ಮತ್ತು ಇಮೇಲ್ ಎರಡೂ ಇರಲಿ. (ಅಂದಹಾಗೆ, ಫೋನಿನಲ್ಲೇ ಬಂದ ಕ್ಯೂಆರ್ ಕೋಡನ್ನು ಅದೇ ಫೋನಿನ ಕ್ಯಾಮೆರಾದಿಂದ ಹಿಡಿಯಲು ಕಣ್ಣು ಚೆನ್ನಾಗಿರುವವರೂ ಒದ್ದಾಡುತ್ತಾರೆ.) ಯಾವ ಸೌಲಭ್ಯಗಳು ಖಚಿತವಾಗಿ ಇರುತ್ತವೆ ಎಂಬುದನ್ನು ಆಹ್ವಾನದಲ್ಲೇ ಒಂದು ಸಾಲಿನಲ್ಲಿ ಹೇಳಿ. ಹೇಳದಿದ್ದರೆ, ಹಿಂದೆ ಹತ್ತು ಕಡೆ ಪೆಟ್ಟು ತಿಂದವರು ಹನ್ನೊಂದನೆಯ ಕಡೆ ಕೇಳುವ ಗೋಜಿಗೇ ಹೋಗುವುದಿಲ್ಲ.

ನೋಂದಣಿ ಫಾರಂ ಕಾರ್ಯಕ್ರಮಕ್ಕೆ ನಾಲ್ಕು ವಾರ ಮೊದಲೇ ತೆರೆಯಲಿ. ಅದರಲ್ಲಿ ‘ನೀವು ಅಂಗವಿಕಲರೇ? ಯಾವ ಬಗೆ? ಶೇಕಡಾ ಎಷ್ಟು?’ ಎಂದು ಕೇಳಬೇಡಿ. ಶೇಕಡಾವಾರು ತಿಳಿದುಕೊಂಡು ಆಯೋಜಕರು ಮಾಡುವುದೇನೂ ಇಲ್ಲ. ಅದು ಸರ್ಕಾರಿ ಸವಲತ್ತಿನ ಕಚೇರಿಗೆ ಬೇಕಾದ ಲೆಕ್ಕ. ಕೇಳಬೇಕಾದ ಪ್ರಶ್ನೆ ಒಂದೇ: ‘ಕಾರ್ಯಕ್ರಮದಲ್ಲಿ ಪೂರ್ತಿಯಾಗಿ ಭಾಗವಹಿಸಲು ನಿಮಗೆ ಏನು ಬೇಕು?’ ಕೆಳಗೆ ಗುರುತು ಹಾಕಲು ಕೆಲವು ಆಯ್ಕೆಗಳು (ಸಂಜ್ಞಾ ಭಾಷೆ, ಕ್ಯಾಪ್ಶನ್ ಅಂದರೆ ಮಾತಿನ ಜೊತೆಗೇ ಪರದೆಯಲ್ಲಿ ಮೂಡುವ ಬರಹ, ಮುಂಚಿತವಾಗಿ ಸ್ಲೈಡು, ಬರೆದು ಪ್ರಶ್ನೆ ಕೇಳುವ ಅವಕಾಶ), ಜೊತೆಗೆ ಬರೆಯಲು ಖಾಲಿ ಜಾಗ. ಈ ಉತ್ತರಗಳನ್ನು ಯಾರು ನೋಡುತ್ತಾರೆ ಎಂದೂ ಫಾರಮ್ಮಿನಲ್ಲೇ ಬರೆಯಿರಿ, ಮತ್ತು ಒಬ್ಬರೇ ನೋಡಿ. ವಿಭಾಗದ ಗುಂಪಿನಲ್ಲಿ ಆ ಹಾಳೆ ಹರಿದಾಡಬಾರದು.

ಗೂಗಲ್ ಫಾರಂ ಸ್ಕ್ರೀನ್ ರೀಡರ್‌ಗೆ ಸಾಮಾನ್ಯವಾಗಿ ಸರಿಯಾಗಿಯೇ ಒದಗುತ್ತದೆ. ಅದನ್ನು ಕೆಡಿಸುವುದು ನಾವು ಸೇರಿಸುವ ಅಲಂಕಾರಗಳು. ಸೂಚನೆಗಳನ್ನೆಲ್ಲ ತಲೆಬರಹದ ಚಿತ್ರದಲ್ಲಿ ಬರೆಯುವುದು ಒಂದು. ಗುರುತಿನ ಚೀಟಿ ಅಪ್‌ಲೋಡ್ ಮಾಡಿ ಎಂದು ಕೇಳುವುದು ಇನ್ನೊಂದು. ಅಪ್‌ಲೋಡ್ ಪ್ರಶ್ನೆ ಇದ್ದರೆ ಗೂಗಲ್ ಖಾತೆಯಿಂದ ಲಾಗಿನ್ ಆಗಲೇಬೇಕು, ಜೊತೆಗೆ ಫೋಟೊ ತೆಗೆಯುವ ಕೆಲಸವೂ ಸೇರಿಕೊಳ್ಳುತ್ತದೆ. ನೂರು ರೂಪಾಯಿ ಶುಲ್ಕವೂ ಇಲ್ಲದ ವೆಬಿನಾರಿಗೆ ಇಷ್ಟೆಲ್ಲ ಯಾಕೆ?

ನುಡಿ ಫಾಂಟಿನ ಗಂಟು

ಕನ್ನಡದ ಶೈಕ್ಷಣಿಕ ಲೋಕದಲ್ಲಿ ಎದ್ದು ಕಾಣುವ ತೊಡಕು ಇದು. ಇಂಗ್ಲಿಷಿನಲ್ಲಿ ಬರೆದ ಸಾಮಾನ್ಯ ಮಾರ್ಗದರ್ಶಿಗಳಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ.

ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಕಂಪ್ಯೂಟರಿನಲ್ಲಿ ಉಳಿಯುವುದು ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಲಾಗಿದೆ, ಅಷ್ಟೇ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದೊಳಗೆ ಇರುವುದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಗೀಟಿನ ಎ. ಕಣ್ಣಿಗೆ ಕಾಣುವುದು ‘ಕನ್ನಡ’. ಕಂಪ್ಯೂಟರಿನ ಸ್ಕ್ರೀನ್ ರೀಡರ್ ಆದ ಎನ್‌ವಿಡಿಎ ಅಥವಾ ಟಾಕ್‌ಬ್ಯಾಕ್ ಓದುವುದು ಆ ಏಳು ಚಿಹ್ನೆಗಳನ್ನು. ಪ್ರತಿ ಲಿಪಿಗೂ ಅದರದೇ ಸಂಕೇತಗಳನ್ನು ಕೊಡುವ ಯೂನಿಕೋಡಿನಲ್ಲಾದರೆ ಕನ್ನಡಕ್ಕೇ ಪ್ರತ್ಯೇಕವಾದ 128 ಸ್ಥಾನಗಳ ವಿಭಾಗವಿದೆ. ‘ಕ’ ಎಂದರೆ ಯಾವ ಫಾಂಟಿನಲ್ಲೂ ‘ಕ’ವೇ. ಉಚಿತವಾಗಿ ಸಿಗುವ ಎನ್‌ವಿಡಿಎ ಜೊತೆಗೇ ಬರುವ ಈಸ್ಪೀಕ್ ಧ್ವನಿ ಯೂನಿಕೋಡ್ ಕನ್ನಡವನ್ನು ಓದುತ್ತದೆ. ಧ್ವನಿ ಸ್ವಲ್ಪ ಯಾಂತ್ರಿಕ, ಆದರೆ ಬಳಸಿ ಪಳಗಿದವರು ಅದನ್ನು ನಾವು ಊಹಿಸಲಾಗದ ವೇಗದಲ್ಲಿ ಕೇಳುತ್ತಾರೆ.

ಕಡತ ಯಾವ ಬಗೆಯದು ಎಂದು ತಿಳಿಯಲು ಅರ್ಧ ನಿಮಿಷ ಸಾಕು. ಒಂದು ಪ್ಯಾರಾ ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಇಂಗ್ಲಿಷ್ ಅಕ್ಷರ, ವಿಚಿತ್ರ ಚಿಹ್ನೆಗಳು ಬಂದರೆ ಹಳೆಯ ಫಾಂಟು. ನಕಲು ಮಾಡಲು ಆಯ್ಕೆಯೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಕನ್ನಡವೇ ಬಂದು ಒತ್ತಕ್ಷರಗಳು ಮಾತ್ರ ಚೆಲ್ಲಾಪಿಲ್ಲಿಯಾಗಿದ್ದರೆ ಮೂಲ ಸರಿಯಿದೆ, ಪಿಡಿಎಫ್ ಆಗುವಾಗ ಕೆಟ್ಟಿದೆ ಎಂದರ್ಥ.

ಹಳೆಯ ಫಾಂಟಿನದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಮೂರು ಕಡೆ ಕಣ್ಣಿಡಬೇಕು. ಮೊದಲನೆಯದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಈ ಸ್ಥಾನಪಲ್ಲಟದಲ್ಲಿ ಎಡವಿದರೆ ‘ಸೂರ್ಯ’, ‘ಕಾರ್ಯ’ದಂಥ ಪದಗಳು ಒಡೆಯುತ್ತವೆ. ಎರಡನೆಯದು ಪ್ರಬಂಧದ ನಡುವಿನ ನಿಜವಾದ ಇಂಗ್ಲಿಷ್ ಪದಗಳು. ಅವು ಇಂಗ್ಲಿಷೋ ಮಾರುವೇಷದ ಕನ್ನಡವೋ ಎಂದು ಪರಿವರ್ತಕಕ್ಕೆ ಗೊತ್ತಾಗುವುದಿಲ್ಲ. ಲೇಖಕರ ಹೆಸರು, ಪುಸ್ತಕದ ಹೆಸರು ಅಸಂಬದ್ಧ ಕನ್ನಡವಾಗಿಬಿಡುತ್ತವೆ. ಮೂರನೆಯದು ಆವರಣ, ಉದ್ಧರಣ ಚಿಹ್ನೆ, ಅಡಿಟಿಪ್ಪಣಿಯ ಅಂಕಿಗಳು. ಹತ್ತು ಪುಟದ ಪ್ರಬಂಧ ತಿದ್ದಲು ಒಂದು ಗಂಟೆ ಹಿಡಿಯಬಹುದು. ಆ ಒಂದು ಗಂಟೆಯನ್ನು ಆಯೋಜಕರ ತಲೆಗೆ ಹಾಕಿಕೊಳ್ಳುವ ಬದಲು ಪ್ರಬಂಧ ಆಹ್ವಾನಿಸುವಾಗಲೇ ‘ಯೂನಿಕೋಡ್ ವರ್ಡ್ ಕಡತ ಮಾತ್ರ’ ಎಂದು ಬರೆಯುವುದು ಜಾಣತನ. ನುಡಿಯ ಈಚಿನ ಆವೃತ್ತಿಗಳಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆಯ ವಿನ್ಯಾಸವೂ ಅದೇ. ಹಾಗಾಗಿ ‘ನನಗೆ ನುಡಿ ಬಿಟ್ಟು ಬೇರೆ ಬರುವುದಿಲ್ಲ’ ಎನ್ನುವ ಹಿರಿಯರಿಗೂ ಹೊಸದಾಗಿ ಕಲಿಯುವ ಹೊರೆ ಇಲ್ಲ.

ಸ್ಕ್ಯಾನ್ ಮಾಡಿದ ಪುಟಗಳಿದ್ದರೆ ಗೂಗಲ್ ಡ್ರೈವಿಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯ ಕೊಡುತ್ತದೆ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೂ ಕನ್ನಡ ಬರುತ್ತದೆ. ಎರಡು ಕಾಲಮ್ಮಿನ ಪುಟ, ಓರೆಯಾಗಿ ಸ್ಕ್ಯಾನ್ ಆದ ಪುಟ, ಹಳೆಯ ಮೊಳೆಯಚ್ಚಿನ ಪುಟಗಳಲ್ಲಿ ತಪ್ಪು ಹೆಚ್ಚು. ‘ಪುಸ್ತಕದ ಅಧ್ಯಾಯವನ್ನು ಹೀಗೆ ಬದಲಿಸಿ ಕೊಟ್ಟರೆ ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲವೇ’ ಎಂಬ ಅಳುಕು ಬೇಡ. 2012ರ ತಿದ್ದುಪಡಿಯಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಸೇರಿದ 52(1)(ಝಡ್‌ಬಿ) ವಿಧಿ, ಅಂಗವಿಕಲರಿಗೆ ಓದಲು ಬರುವ ರೂಪದಲ್ಲಿ ಪ್ರತಿ ಮಾಡಿ ಅವರಿಗೆ ಲಾಭವಿಲ್ಲದೆ ಕೊಡಲು ಅವಕಾಶ ಮಾಡಿಕೊಟ್ಟಿದೆ. ಅದೇ ಆಶಯದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು.

ಕೊನೆಗೆ ಹಂಚುವುದು ಯಾವ ರೂಪದಲ್ಲಿ? ವರ್ಡ್ ಕಡತವೇ ಉತ್ತಮ. ತಲೆಬರಹಗಳಿಗೆ ಅಕ್ಷರ ದಪ್ಪ ಮಾಡಿ ಬಿಡದೆ ‘ಹೆಡಿಂಗ್’ ಶೈಲಿಯನ್ನೇ ಬಳಸಿ. ಎನ್‌ವಿಡಿಎ ಬಳಸುವವರು ಎಚ್ ಕೀಲಿ ಒತ್ತುತ್ತ ಒಂದು ತಲೆಬರಹದಿಂದ ಮುಂದಿನದಕ್ಕೆ ಜಿಗಿಯುತ್ತಾರೆ. ಪಠ್ಯದ ಭಾಷೆ ಕನ್ನಡ ಎಂದು ಗುರುತಿಸಿ, ಆಗ ಧ್ವನಿ ತಾನಾಗಿ ಕನ್ನಡಕ್ಕೆ ಬದಲಾಗುತ್ತದೆ. ಪಿಡಿಎಫ್ ಬೇಕೇ ಬೇಕೆಂದರೆ ‘ಪ್ರಿಂಟ್’ ಮೂಲಕ ಮಾಡದೆ ‘ಸೇವ್ ಆ್ಯಸ್’ ಮೂಲಕ ಮಾಡಿ, ರಚನೆಯ ಟ್ಯಾಗುಗಳನ್ನು ಉಳಿಸುವ ಆಯ್ಕೆಗೆ ಗುರುತು ಹಾಕಿ. ಪ್ರಿಂಟ್ ಮೂಲಕ ಮಾಡಿದ ಪಿಡಿಎಫ್‌ನಲ್ಲಿ ತಲೆಬರಹ, ಪಟ್ಟಿ, ಚಿತ್ರದ ವಿವರಣೆ ಎಲ್ಲ ಬಿದ್ದುಹೋಗುತ್ತವೆ. ವಿಜ್ಞಾನ ವಿಭಾಗದವರಿಗೆ ಒಂದು ಮಾತು: ಸಮೀಕರಣಗಳನ್ನು ಚಿತ್ರವಾಗಿ ಅಂಟಿಸಬೇಡಿ, ವರ್ಡ್‌ನ ಸಮೀಕರಣ ಸಾಧನದಲ್ಲೇ ಬರೆಯಿರಿ. ಲೇಟೆಕ್ ಬಳಸುವವರು ಎಚ್‌ಟಿಎಂಎಲ್ ರೂಪವನ್ನೂ ಕೊಡುವುದು ಒಳ್ಳೆಯದು. ವಿಜ್ಞಾನ ಪ್ರಬಂಧಗಳ ಮುಕ್ತ ಜಾಲಸಂಗ್ರಹವಾದ ಆರ್‌ಕೈವ್ 2023ರ ಡಿಸೆಂಬರಿನಿಂದ ಪ್ರಬಂಧಗಳನ್ನು ಎಚ್‌ಟಿಎಂಎಲ್‌ನಲ್ಲೂ ಕೊಡಲು ಶುರುಮಾಡಿದ್ದು ಈ ಕಾರಣಕ್ಕೇ.

ಸ್ಲೈಡುಗಳು

ಪರದೆ ಹಂಚಿಕೊಂಡಾಗ ಎದುರಿನವರಿಗೆ ತಲುಪುವುದು ವಿಡಿಯೊ. ಅದರಲ್ಲಿ ಎಷ್ಟೇ ಅಕ್ಷರವಿದ್ದರೂ ಸ್ಕ್ರೀನ್ ರೀಡರ್‌ಗೆ ಅದು ಚಿತ್ರವೇ. ಆದ್ದರಿಂದ ಸ್ಲೈಡಿನ ಕಡತ ಕನಿಷ್ಠ ಮೂರು ದಿನ ಮೊದಲು ಭಾಗವಹಿಸುವವರ ಕೈಸೇರಬೇಕು. ಭಾಷಣಕಾರರಿಗೆ ಎರಡು ವಾರ ಮೊದಲಿನ ಗಡುವು ಕೊಟ್ಟರೆ ಒಂದು ವಾರ ಮೊದಲಾದರೂ ಸಿಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ.

ಪ್ರತಿ ಸ್ಲೈಡಿಗೂ ಬೇರೆ ಬೇರೆ ಶೀರ್ಷಿಕೆ ಇರಲಿ. ಎಂಟು ಸ್ಲೈಡುಗಳಿಗೂ ‘ಪೀಠಿಕೆ’ ಎಂದಿದ್ದರೆ ಎಲ್ಲಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಬಣ್ಣದ ವ್ಯತ್ಯಾಸಕ್ಕೆ ಒಂದು ಅಳತೆ ಇದೆ, ಎರಡು ಬಣ್ಣಗಳ ಹೊಳಪಿನ ಅನುಪಾತ: ಜಾಲತಾಣಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1. ಬಿಳಿಯ ಮೇಲೆ ಅಚ್ಚ ಕೆಂಪು ಸುಮಾರು 4:1, ಅಂದರೆ ಸಣ್ಣ ಅಕ್ಷರಕ್ಕೆ ಸಾಲದು. ನೀಲಿಯ ಮೇಲೆ ಕೆಂಪು ಸುಮಾರು 2:1. ಬಿಳಿಯ ಮೇಲೆ ಹಳದಿಯಂತೂ ಇದ್ದೂ ಇಲ್ಲದಂತೆ. ಕನ್ನಡಕ್ಕೆ ಇನ್ನೂ ಒಂದು ಎಚ್ಚರ ಬೇಕು. ವಿಂಡೋಸಿನ ತುಂಗಾದಂಥ ಸಪೂರ ಫಾಂಟು ಕಳಪೆ ಇಂಟರ್ನೆಟ್ಟಿನಲ್ಲಿ ಮಸುಕಾಗುತ್ತದೆ. ನಿರ್ಮಲಾ ಅಥವಾ ನೋಟೊ ಸ್ಯಾನ್ಸ್ ಕನ್ನಡ ವಾಸಿ. ಸಾಲುಗಳ ನಡುವೆ ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಆದ್ದರಿಂದ ಒಂದೂವರೆ ಪಟ್ಟು ಅಂತರ ಕೊಡಿ. ಆರಂಭದ ವಿಡಿಯೊದಲ್ಲಿ ಮಿನುಗುವ ಬೆಳಕು ಬೇಡ: ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿಂಚಿದರೆ ಕೆಲವು ಬಗೆಯ ಅಪಸ್ಮಾರ ಇರುವವರಿಗೆ ಸೆಳವು ಬರಬಹುದು.

ಚಿತ್ರಗಳಿಗೆ ಬದಲಿ ಪಠ್ಯ (ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ವಿವರಣೆ) ಬರೆಯುವಾಗ ‘ಶಾಸನದ ಚಿತ್ರ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಹಲ್ಮಿಡಿ ಶಾಸನದ ಕಲ್ಲು; ಮೇಲ್ಭಾಗದಲ್ಲಿ ಚಕ್ರ, ಅದರ ಕೆಳಗೆ ಬರಹ, ಒಟ್ಟು 16 ಸಾಲು’ ಎಂದರೆ ಒಂದು ಆಕಾರ ಮನಸ್ಸಿಗೆ ಬರುತ್ತದೆ. ಲಿಪಿಯ ಚರ್ಚೆಯಾದರೆ ಯಾವ ಅಕ್ಷರವನ್ನು ತೋರಿಸುತ್ತಿದ್ದೀರಿ, ಅದು ಇಂದಿನ ರೂಪಕ್ಕಿಂತ ಹೇಗೆ ಭಿನ್ನ ಎಂದೂ ಸೇರಿಸಿ. ನಕ್ಷೆ, ಗ್ರಾಫುಗಳಿಗೆ ಅಕ್ಷಗಳು ಯಾವುವು, ಗೆರೆ ಎತ್ತ ಸಾಗುತ್ತದೆ, ಮುಖ್ಯವಾದ ಅಂಕಿ ಯಾವುದು. ಅದನ್ನೇ ಮಾತಿನಲ್ಲೂ ಹೇಳುವ ಅಭ್ಯಾಸ ಭಾಷಣಕಾರರಿಗೆ ಆಗಬೇಕು. ‘ಇಲ್ಲಿ ನೋಡಿ, ಇದು ಇದಕ್ಕಿಂತ ಜಾಸ್ತಿ ಇದೆ’ ಎಂಬ ವಾಕ್ಯ ಫೋನಿನಲ್ಲಿ ಆಡಿಯೊ ಮಾತ್ರ ಕೇಳುತ್ತಿರುವ ಯಾರಿಗೂ ಅರ್ಥವಾಗದು.

ಕ್ಯಾಪ್ಶನ್

ಕ್ಯಾಪ್ಶನ್ ಎಂದರೆ ಒಂದು ಗುಂಡಿ ಒತ್ತಿದರೆ ಆಯಿತು ಎಂದುಕೊಂಡವರೇ ಹೆಚ್ಚು. ಸ್ವಯಂಚಾಲಿತ ಕ್ಯಾಪ್ಶನ್ ಯಾವ ಭಾಷೆಗೆ ಸಿಗುತ್ತದೆ ಎಂಬುದು ವೇದಿಕೆಗೂ ಖಾತೆಯ ಬಗೆಗೂ ತಕ್ಕಂತೆ ಬದಲಾಗುತ್ತದೆ. ತಾಲೀಮಿನ ದಿನ ನಿಮ್ಮದೇ ಖಾತೆಯಲ್ಲಿ ಕನ್ನಡ ಆರಿಸಿ ನೋಡಿ. ಸಾಮಾನ್ಯವಾಗಿ ಆಗುವ ತಪ್ಪು ಭಾಷೆಯನ್ನು ಇಂಗ್ಲಿಷಿನಲ್ಲೇ ಬಿಡುವುದು. ಆಗ ಕನ್ನಡ ಭಾಷಣದ ಕೆಳಗೆ, ಕೇಳಿಸಿದ ಧ್ವನಿಗೆ ಹತ್ತಿರದ ಇಂಗ್ಲಿಷ್ ಪದಗಳು ಗಂಭೀರವಾಗಿ ಹರಿಯುತ್ತಿರುತ್ತವೆ. ಕೇಳಿಸುವವರಿಗೆ ನಗು, ಅದನ್ನೇ ನಂಬಿ ಕೂತವರಿಗೆ ಅರ್ಧ ದಿನ ವ್ಯರ್ಥ.

ಕನ್ನಡಕ್ಕೇ ಇಟ್ಟರೂ ಯಂತ್ರ ಎಡವುವ ಜಾಗಗಳು ಗೊತ್ತಿರಲಿ. ವಾಕ್ಯದ ಮಧ್ಯೆ ಬರುವ ಇಂಗ್ಲಿಷ್ ಪದ, ಧಾರವಾಡ, ಕಲಬುರಗಿ, ಮಂಗಳೂರಿನ ನುಡಿಗಟ್ಟು, ವ್ಯಕ್ತಿ ಮತ್ತು ಊರಿನ ಹೆಸರು, ಇವುಗಳಿಗಿಂತಲೂ ಮುಖ್ಯವಾಗಿ ಹಳಗನ್ನಡ ಪದ್ಯ. ಪಂಪನ ಒಂದು ಕಂದಪದ್ಯ ಓದಿದರೆ ಕ್ಯಾಪ್ಶನ್ ಕೈಚೆಲ್ಲುತ್ತದೆ. ಮೈಕ್ ಸರಿಯಿದ್ದರೆ ತಪ್ಪು ಗಣನೀಯವಾಗಿ ಕಡಿಮೆಯಾಗುತ್ತದೆ: ಲ್ಯಾಪ್‌ಟಾಪಿನ ಒಳಗಿನ ಮೈಕಿಗಿಂತ ಬಾಯಿಗೆ ಹತ್ತಿರವಿರುವ ಸಾಧಾರಣ ಇಯರ್‌ಫೋನಿನ ಮೈಕ್ ಮೇಲು. ಕಾಲೇಜಿನ ಸಭಾಂಗಣದಲ್ಲಿ ಹತ್ತು ಜನ ಕೂತು ಒಂದೇ ಲ್ಯಾಪ್‌ಟಾಪಿನಿಂದ ಸೇರುವುದು ಎಲ್ಲಕ್ಕಿಂತ ಕೆಟ್ಟ ವ್ಯವಸ್ಥೆ. ಪ್ರತಿಧ್ವನಿಯಲ್ಲಿ ಮನುಷ್ಯರ ಕಿವಿಯೇ ಸೋಲುತ್ತದೆ.

ಇಂಗ್ಲಿಷಿನಲ್ಲಿ ಮಾತಿನ ವೇಗಕ್ಕೆ ಟೈಪ್ ಮಾಡುವ ತರಬೇತಾದ ಶೀಘ್ರಲಿಪಿಕಾರರನ್ನು ಗೊತ್ತುಮಾಡಬಹುದು. ಕನ್ನಡದಲ್ಲಿ ಅಂಥವರು ಸಿಗುವುದು ಕಷ್ಟ. ಒಳ್ಳೆಯ ಟೈಪಿಸ್ಟ್ ಕೂಡ ಮಾತಿನ ವೇಗ ಹಿಡಿಯಲಾರರು, ಸಾರಾಂಶ ಕೊಡಬಲ್ಲರು. ಆದರೆ ನಮ್ಮ ಸಂಕಿರಣಗಳಿಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ಇಲ್ಲಿ ಪ್ರಬಂಧ ಮಂಡನೆ ಎಂದರೆ ಬಹುಪಾಲು ಬರೆದದ್ದನ್ನು ಓದುವುದೇ. ಆ ಪಠ್ಯ ಮೊದಲೇ ಕೈಯಲ್ಲಿದ್ದರೆ ಸಾಕು: ಜೂಮ್‌ನಲ್ಲಿ ಸಭೆ ನಡೆಸುವ ಹೋಸ್ಟ್ ಬೇರೊಬ್ಬರಿಗೆ ಕ್ಯಾಪ್ಶನ್ ಟೈಪ್ ಮಾಡುವ ಅಧಿಕಾರ ಕೊಡಬಹುದು, ಅವರು ಓದಿನ ಜೊತೆಜೊತೆಗೆ ಎರಡೆರಡು ವಾಕ್ಯ ಅಂಟಿಸುತ್ತ ಹೋಗುತ್ತಾರೆ. ಭಾಷಣಕಾರರು ಪಠ್ಯ ಬಿಟ್ಟು ಮಾತನಾಡಿದಾಗ ಮಾತ್ರ ಸಾರಾಂಶ ಟೈಪ್ ಮಾಡಬೇಕು. ಇದಕ್ಕೆ ಯೂನಿಕೋಡ್ ಕನ್ನಡ ಸಲೀಸಾಗಿ ಟೈಪ್ ಮಾಡುವ ಇಬ್ಬರು ಎಂ.ಎ. ವಿದ್ಯಾರ್ಥಿಗಳು ಸಾಕು. ಅರ್ಧ ಗಂಟೆಗೊಮ್ಮೆ ಬದಲಾಗಲಿ, ಮತ್ತು ಸಂಭಾವನೆ ಕೊಡಿ. ಕಣ್ಣು ಕಿವಿ ಎರಡೂ ಮಂದವಾಗಿದ್ದು ಬ್ರೈಲ್ ಫಲಕದಲ್ಲಿ ಓದುವವರಿಗೆ ಕ್ಯಾಪ್ಶನ್ನಿನ ಹಾರುವ ಸಾಲುಗಳು ಪ್ರಯೋಜನವಿಲ್ಲ. ಅದೇ ಪಠ್ಯ ಒಂದು ಗೂಗಲ್ ಡಾಕ್‌ನಲ್ಲೂ ಬೀಳುತ್ತಿದ್ದರೆ ಅವರು ತಮ್ಮ ವೇಗದಲ್ಲಿ ಓದಿಕೊಳ್ಳುತ್ತಾರೆ.

ಸಂಜ್ಞಾ ಭಾಷೆ

ಕ್ಯಾಪ್ಶನ್ ಇದೆಯಲ್ಲ, ಸಂಜ್ಞಾ ಭಾಷೆ ಯಾಕೆ? ಭಾರತೀಯ ಸಂಜ್ಞಾ ಭಾಷೆ ಕನ್ನಡದ್ದೋ ಇಂಗ್ಲಿಷಿನದೋ ಕೈಸನ್ನೆ ರೂಪವಲ್ಲ, ತನ್ನದೇ ವ್ಯಾಕರಣವಿರುವ ಭಾಷೆ. ಅದನ್ನೇ ಮೊದಲ ಭಾಷೆಯಾಗಿ ಬಳಸುವವರಿಗೆ ಕನ್ನಡ ಕ್ಯಾಪ್ಶನ್ ಎಂದರೆ ಎರಡನೆಯ ಭಾಷೆಯಲ್ಲಿ ಓದಿದಂತೆ. ಇನ್ನು ಕೆಲವರು ಸಂಜ್ಞಾ ಭಾಷೆ ಕಲಿತೇ ಇಲ್ಲ, ಅವರಿಗೆ ಕ್ಯಾಪ್ಶನ್ನೇ ಬೇಕು. ಒಂದಕ್ಕೆ ಒಂದು ಬದಲಿಯಲ್ಲ.

ಅನುವಾದಕರನ್ನು ಮೂರು ವಾರ ಮೊದಲೇ ಗೊತ್ತುಮಾಡಿ. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಅನುವಾದಕರಿಗೆ ತರಬೇತಿ ಕೊಡುತ್ತದೆ. ಆದರೂ ಬೇಡಿಕೆಗೆ ಹೋಲಿಸಿದರೆ ಅನುವಾದಕರು ಕಡಿಮೆ. ಕನ್ನಡ ಕಾರ್ಯಕ್ರಮಕ್ಕೆ ಇನ್ನೊಂದು ಷರತ್ತಿದೆ: ಅವರಿಗೆ ಕನ್ನಡ ಕೇಳಿ ಅರ್ಥವಾಗಬೇಕು. ಹಿಂದಿ ಅಥವಾ ಇಂಗ್ಲಿಷಿನಿಂದ ಮಾತ್ರ ಅನುವಾದಿಸುವವರನ್ನು ಕರೆಸಿ ಕನ್ನಡ ಭಾಷಣದ ಮುಂದೆ ಕೂರಿಸಿದರೆ ಯಾರಿಗೂ ಉಪಯೋಗವಿಲ್ಲ. ಒಂದು ಗಂಟೆ ಮೀರಿದ ಕಾರ್ಯಕ್ರಮಕ್ಕೆ ಇಬ್ಬರು ಬೇಕೇ ಬೇಕು, 15–20 ನಿಮಿಷಕ್ಕೊಮ್ಮೆ ಬದಲಾಗಲು. ಆಯಾಸವಾದಾಗ ಮೊದಲು ಕುಸಿಯುವುದು ಕೈಯಲ್ಲ, ಗ್ರಹಿಕೆ. ವಾಕ್ಯಗಳು ಬಿಟ್ಟುಹೋಗತೊಡಗುತ್ತವೆ, ಅದು ನೋಡುತ್ತಿರುವವರಿಗೂ ಗೊತ್ತಾಗುವುದಿಲ್ಲ.

ಒಂದು ವಾರ ಮೊದಲು ಅವರಿಗೆ ಸ್ಲೈಡು, ಪ್ರಬಂಧ, ಪಾರಿಭಾಷಿಕ ಪದಗಳ ಪಟ್ಟಿ ತಲುಪಲಿ. ‘ವಕ್ರೋಕ್ತಿ’ಗೋ ‘ದ್ಯುತಿಸಂಶ್ಲೇಷಣೆ’ಗೋ ಯಾವ ಸಂಜ್ಞೆ ಬಳಸಬೇಕೆಂದು ಅವರು ಭಾಗವಹಿಸುವ ಕಿವುಡರ ಜೊತೆ ಮೊದಲೇ ಮಾತನಾಡಿಕೊಳ್ಳಬಹುದು. ಸಂಜ್ಞೆಯಿಲ್ಲದ ಹೆಸರುಗಳನ್ನು ಬೆರಳುಗಳಿಂದ ಕಾಗುಣಿತವಾಗಿ ತೋರಿಸುವಾಗ ಸಾಮಾನ್ಯವಾಗಿ ಬಳಕೆಯಾಗುವುದು ಇಂಗ್ಲಿಷ್ ಅಕ್ಷರಮಾಲೆ. ಹಾಗಾಗಿ ಹೆಸರುಗಳ ಪಟ್ಟಿಯಲ್ಲಿ ಇಂಗ್ಲಿಷ್ ಕಾಗುಣಿತವನ್ನೂ ಕೊಡಿ. ಪ್ರಾರ್ಥನೆ, ನಾಡಗೀತೆಯ ಸಾಹಿತ್ಯವನ್ನೂ ಕೊಡಿ. ಹಾಗೆ ನೋಡಿದರೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅಧ್ಯಕ್ಷೀಯ ಮಾತು ಮುಗಿಯುವ ಹೊತ್ತಿಗೆ ಅನುವಾದಕರ ಒಂದು ಗಂಟೆ ಖರ್ಚಾಗಿ, ಮುಖ್ಯ ಪ್ರಬಂಧಕ್ಕೆ ದಣಿದ ಕೈಗಳು ಉಳಿಯುತ್ತವೆ. ಔಪಚಾರಿಕತೆ ಹದಿನೈದು ನಿಮಿಷಕ್ಕೆ ಇಳಿದರೆ ಕೇಳಿಸುವವರೂ ಬೇಸರಪಡಲಾರರು.

ಅನುವಾದಕರ ಹಿಂದೆ ಸಾದಾ ಗೋಡೆ, ಬೆಳಕು ಎದುರಿನಿಂದ, ಚೌಕಟ್ಟಿನಲ್ಲಿ ತಲೆಯಿಂದ ಸೊಂಟದವರೆಗೆ, ಅಂಗಿ ಮೈಬಣ್ಣಕ್ಕಿಂತ ಬೇರೆಯಾದ ಒಂದೇ ಬಣ್ಣದ್ದು. ಇಂಟರ್ನೆಟ್ ತಂತಿಯ ಮೂಲಕವಿರಲಿ. ಧ್ವನಿ ಒಂದು ಕ್ಷಣ ತಡೆದರೆ ಊಹಿಸಬಹುದು, ಕೈ ಅರ್ಧದಲ್ಲಿ ಹೆಪ್ಪುಗಟ್ಟಿದರೆ ಊಹಿಸಲಾಗದು. ಭಾಗವಹಿಸುವವರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಸಂಜ್ಞಾ ಭಾಷೆ’ ಎಂದು ಸೇರಿಸಿ, ಹುಡುಕಿ ಪಿನ್ ಮಾಡಿಕೊಳ್ಳಲು, ಅಂದರೆ ತಮ್ಮ ಪರದೆಯಲ್ಲಿ ಸದಾ ಕಾಣುವಂತೆ ಇರಿಸಿಕೊಳ್ಳಲು ಸುಲಭ. ಜೂಮ್‌ನಲ್ಲಿ ಸಂಜ್ಞಾ ಭಾಷೆಗೇ ಪ್ರತ್ಯೇಕ ಕಿಟಕಿ ತೆರೆಯುವ ಸೌಲಭ್ಯವಿದೆ, ಹೋಸ್ಟ್ ಖಾತೆಯಲ್ಲಿ ಮೊದಲೇ ಚಾಲೂ ಮಾಡಿರಬೇಕು. ಆ ಕಿಟಕಿ ರೆಕಾರ್ಡಿಂಗಿನಲ್ಲಿ ಬರುತ್ತದೆಯೇ ಎಂದು ತಾಲೀಮಿನಲ್ಲೇ ಪರೀಕ್ಷಿಸಿ. ಯೂಟ್ಯೂಬಿನಲ್ಲಿ ನೇರಪ್ರಸಾರವಿದ್ದರೆ ವೀಕ್ಷಕರಿಗೆ ಪಿನ್ ಮಾಡುವ ಅವಕಾಶವೇ ಇಲ್ಲ. ಒಬಿಎಸ್ ಎಂಬ ಪ್ರಸಾರ ತಂತ್ರಾಂಶ ಬಳಸಿ ಅನುವಾದಕರ ಚೌಕವನ್ನು ಪ್ರಸಾರದಲ್ಲೇ ಕೂರಿಸಿ, ಪರದೆಯ ಆರನೇ ಒಂದು ಭಾಗಕ್ಕಿಂತ ಚಿಕ್ಕದಾಗದಂತೆ.

ಜೂಮ್‌ನಲ್ಲಿ ‘ಮೀಟಿಂಗ್’, ‘ವೆಬಿನಾರ್’ ಎಂಬ ಎರಡು ಬಗೆಗಳಿವೆ. ವೆಬಿನಾರಿನಲ್ಲಿ ಸಭಿಕರಿಗೆ ಕ್ಯಾಮೆರಾ ಇರುವುದಿಲ್ಲ. ಕಿವುಡರೊಬ್ಬರು ಪ್ರಶ್ನೆ ಕೇಳಬೇಕೆಂದರೆ ಅವರನ್ನು ಪ್ಯಾನೆಲಿಸ್ಟ್ ಆಗಿ ಒಳಕ್ಕೆ ತರಬೇಕು. ಇದು ಗೊತ್ತಿಲ್ಲದೆ ‘ಯಾರದೂ ಪ್ರಶ್ನೆಯಿಲ್ಲ’ ಎಂದು ಮುಗಿಸುವುದುಂಟು. ಉಚಿತ ಖಾತೆಯಲ್ಲಿ ಜೂಮ್ 40 ನಿಮಿಷಕ್ಕೆ ಕಡಿದುಹೋಗುತ್ತದೆ. ಮತ್ತೆ ಸೇರಿದಾಗ ಪಿನ್, ಸ್ಪಾಟ್‌ಲೈಟ್, ಕ್ಯಾಪ್ಶನ್ ಅಧಿಕಾರ ಎಲ್ಲವನ್ನೂ ಮೊದಲಿನಿಂದ ಹೊಂದಿಸಬೇಕು.

ಕಾರ್ಯಕ್ರಮದ ಹೊತ್ತಿನಲ್ಲಿ

ಸೌಲಭ್ಯಗಳನ್ನು ನೋಡಿಕೊಳ್ಳಲು ಒಬ್ಬರನ್ನು ಬೇರೆಯಾಗಿ ನೇಮಿಸಿ. ನಿರೂಪಣೆ ಮಾಡುವವರಿಗೋ ಹೋಸ್ಟಿಗೋ ಈ ಕೆಲಸ ಹಚ್ಚಿದರೆ ಎರಡೂ ಹಾಳು. ಕ್ಯಾಪ್ಶನ್ ನಿಂತಿತೇ, ಅನುವಾದಕರ ವಿಡಿಯೊ ಹೋಯಿತೇ, ಯಾರಾದರೂ ಚಾಟಿನಲ್ಲಿ ನೆರವು ಕೇಳಿದರೇ ಎಂದು ನೋಡುವುದಷ್ಟೇ ಅವರ ಕೆಲಸ. ಕ್ಯಾಪ್ಶನ್ ನಿಂತಾಗ ಭಾಷಣವನ್ನು ನಿಲ್ಲಿಸುವ ಅಧಿಕಾರವೂ ಅವರಿಗಿರಲಿ, ಮುಖ್ಯ ಅತಿಥಿ ಕುಲಪತಿಗಳೇ ಆಗಿದ್ದರೂ.

ಮಾತನಾಡುವ ಪ್ರತಿಯೊಬ್ಬರೂ ಮೊದಲು ಹೆಸರು ಹೇಳಬೇಕು. ಒಂದು ಹೊತ್ತಿಗೆ ಒಬ್ಬರೇ ಮಾತನಾಡಬೇಕು. ಪ್ರಶ್ನೋತ್ತರದಲ್ಲಿ ‘ಪ್ರಶ್ನೆ ಇದೆಯೇ?’ ಎಂದು ಕೇಳಿ ಎರಡು ಸೆಕೆಂಡಿಗೆ ಮುಂದೆ ಹೋಗಬೇಡಿ. ಕ್ಯಾಪ್ಶನ್ನೂ ಸಂಜ್ಞೆಯೂ ಕೆಲವು ಸೆಕೆಂಡು ಹಿಂದಿರುತ್ತವೆ, ಯೂಟ್ಯೂಬ್ ಇನ್ನೂ ಹಿಂದೆ. ಕೈಯೆತ್ತುವ ಗುಂಡಿ ಹುಡುಕಲೂ ಹೊತ್ತು ಬೇಕು. ಕೀಲಿಮಣೆಯಿಂದಲೇ ಕೆಲಸ ಮಾಡುವವರಿಗಾಗಿ ಶುರುವಿನಲ್ಲೇ ಹೇಳಿಬಿಡಿ: ವಿಂಡೋಸಿನ ಜೂಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿದರೆ ಕೈಯೆತ್ತಿದಂತೆ, ಆಲ್ಟ್ ಜೊತೆ ಎ ಒತ್ತಿದರೆ ಮೈಕ್ ಆನ್ ಅಥವಾ ಆಫ್. ಗೂಗಲ್ ಮೀಟ್‌ನಲ್ಲಿ ಮೈಕಿಗೆ ಕಂಟ್ರೋಲ್ ಜೊತೆ ಡಿ. ಬರೆದು ಕಳಿಸಿದ ಪ್ರಶ್ನೆಯನ್ನು ನಿರೂಪಕರು ಗಟ್ಟಿಯಾಗಿ, ಪೂರ್ತಿಯಾಗಿ ಓದಲಿ. ತೊದಲು ಇರುವವರು, ಮಾತು ನಿಧಾನವಾಗಿರುವವರು ಪ್ರಶ್ನೆ ಕೇಳುವಾಗ ವಾಕ್ಯವನ್ನು ಅವರ ಪರವಾಗಿ ಮುಗಿಸಿಕೊಡುವ ಉಪಕಾರ ಬೇಡ.

ಚಾಟ್ ವಿಷಯದಲ್ಲಿ ಸ್ವಲ್ಪ ಕಠಿಣವಾಗಿಯೇ ಇರಬೇಕಾಗುತ್ತದೆ. ಕೆಲವು ವೇದಿಕೆಗಳಲ್ಲಿ ಪ್ರತಿ ಹೊಸ ಸಂದೇಶ ಬಂದಾಗಲೂ ಸ್ಕ್ರೀನ್ ರೀಡರ್ ಅದನ್ನು ಓದತೊಡಗುತ್ತದೆ. ಭಾಷಣದ ನಡುವೆ ಎಪ್ಪತ್ತು ಜನ ‘ಗುಡ್ ಮಾರ್ನಿಂಗ್ ಸರ್’, ‘ಅದ್ಭುತ ಮೇಡಂ’ ಎಂದರೆ ಅಂಧ ಕೇಳುಗರ ಕಿವಿಯಲ್ಲಿ ಎರಡು ಧ್ವನಿ ಒಟ್ಟಿಗೆ. ಜೂಮ್‌ನ ಸುಗಮ್ಯತೆಯ ಸೆಟ್ಟಿಂಗಿನಲ್ಲಿ ಈ ಪ್ರಕಟಣೆಗಳನ್ನು ನಿಲ್ಲಿಸಬಹುದು, ಆದರೆ ನಿಲ್ಲಿಸಿದರೆ ಉಪಯುಕ್ತ ಲಿಂಕುಗಳೂ ತಪ್ಪಿಹೋಗುತ್ತವೆ. ಭಾಷಣದ ವೇಳೆ ಚಾಟನ್ನು ನೆರವು ಮತ್ತು ಪ್ರಶ್ನೆಗಳಿಗೆ ಮಾತ್ರ ಮೀಸಲಿಡಿ.

ಐವತ್ತು ನಿಮಿಷಕ್ಕೊಮ್ಮೆ ಹತ್ತು ನಿಮಿಷ ವಿರಾಮ ಕೊಡಿ, ಹಿಂದಿನವರು ಹೆಚ್ಚು ಹೊತ್ತು ತೆಗೆದುಕೊಂಡರೂ ಆ ವಿರಾಮವನ್ನು ತಿನ್ನಬೇಡಿ. ನೋವು, ದಣಿವು ಇರುವವರಿಗೆ, ಔಷಧಿಯ ಹೊತ್ತು ಪಾಲಿಸಬೇಕಾದವರಿಗೆ, ಗದ್ದಲ ತಡೆಯಲಾಗದ ಆಟಿಸಂ ಇರುವವರಿಗೆ ಅದೇ ಆಧಾರ. ಕ್ಯಾಮೆರಾ ಆನ್ ಮಾಡಿದರೆ ಮಾತ್ರ ಹಾಜರಿ ಎಂಬ ನಿಯಮ ಇವರಲ್ಲಿ ಹಲವರನ್ನು ಹೊರಗಟ್ಟುತ್ತದೆ. ಫೀಡ್‌ಬ್ಯಾಕ್ ಫಾರಮ್ಮಿನ ಹತ್ತು ನಿಮಿಷದ ಗಡುವೂ ಹಾಗೆಯೇ. ಹಾಜರಾಗದವರು ಪ್ರಮಾಣಪತ್ರ ಪಡೆಯುತ್ತಾರೆಂಬ ಭಯಕ್ಕೆ ಹುಟ್ಟಿದ ಉಪಾಯ ಅದು. ನಿಧಾನವಾಗಿ ಟೈಪ್ ಮಾಡುವವರು ಅದಕ್ಕೆ ಬೆಲೆ ತೆರುತ್ತಾರೆ. ಹಾಜರಿಯ ಪಟ್ಟಿ ಬೇಕಾದರೆ ವೇದಿಕೆಯಿಂದಲೇ ಇಳಿಸಿಕೊಳ್ಳಲು ಬರುತ್ತದೆಯೇ ನೋಡಿ. ಫಾರಂ ಮೂರು ದಿನ ತೆರೆದಿರಲಿ.

ಅಂಗವಿಕಲರು ಸಭಿಕರಾಗಿಯೇ ಬರುತ್ತಾರೆ ಎಂದು ಊಹಿಸಬೇಡಿ. ಮಂಡಿಸುವವರೂ ಅವರಾಗಿರಬಹುದು. ಸ್ಲೈಡ್ ನಡೆಸಿಕೊಡಲು ಒಬ್ಬರು, ಐದು ನಿಮಿಷ ಹೆಚ್ಚು ಸಮಯ, ಬೇಕೆಂದರೆ ಮಂಡನೆಯನ್ನು ಮೊದಲೇ ಧ್ವನಿಮುದ್ರಿಸಿ ಪ್ರಶ್ನೋತ್ತರಕ್ಕೆ ಮಾತ್ರ ನೇರವಾಗಿ ಬರುವ ಆಯ್ಕೆ: ಇವನ್ನು ಪ್ರಬಂಧ ಸ್ವೀಕಾರದ ಪತ್ರದಲ್ಲೇ ತಿಳಿಸಿ.

ಹಣ ಮತ್ತು ಕಾನೂನು

ಮೇಲಿನವುಗಳಲ್ಲಿ ಹೆಚ್ಚಿನದಕ್ಕೆ ಖರ್ಚೇ ಇಲ್ಲ. ಹಣ ಬೇಕಾಗುವುದು ಅನುವಾದಕರು, ಕ್ಯಾಪ್ಶನ್ ಮಾಡುವವರು ಮತ್ತು ಒಳ್ಳೆಯ ಖಾತೆಗೆ. ಅದನ್ನು ಅನುದಾನದ ಅರ್ಜಿಯಲ್ಲೇ ಒಂದು ಸಾಲಾಗಿ ಸೇರಿಸಿ. ಮಂಜೂರಾದ ಮೇಲೆ ಹುಡುಕಿದರೆ ಎಲ್ಲಿಂದಲೂ ಬರುವುದಿಲ್ಲ. ಪ್ರಶ್ನಿಸುವವರಿಗೆ ತೋರಿಸಲು ಆಧಾರಗಳಿವೆ. 2016ರ ಕಾಯ್ದೆಯ 42ನೇ ವಿಧಿ ವಿದ್ಯುನ್ಮಾನ ಮಾಧ್ಯಮದ ವಿಷಯ ಓದಬಲ್ಲ ರೂಪದಲ್ಲಿರಬೇಕು, ಸಂಜ್ಞಾ ಭಾಷೆ ಮತ್ತು ಕ್ಯಾಪ್ಶನ್ ಒದಗಬೇಕು ಎನ್ನುತ್ತದೆ. ಯುಜಿಸಿ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಸುಗಮ್ಯತೆಯ ಮಾರ್ಗಸೂಚಿ ಹೊರಡಿಸಿದೆ. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೆ ಸೇರಿಸಿತು.

ಮುಗಿದ ಮೇಲೆ

ರೆಕಾರ್ಡಿಂಗನ್ನು ಹಾಗೆಯೇ ಯೂಟ್ಯೂಬಿಗೆ ಏರಿಸಿ ಮರೆಯಬೇಡಿ. ಅಂದು ಅಂಟಿಸಿದ ಕ್ಯಾಪ್ಶನ್ ಪಠ್ಯ ಕೈಯಲ್ಲೇ ಇದೆ. ಅದನ್ನು ತಿದ್ದಿ, ಸಮಯ ಹೊಂದಿಸಿ, ಎಸ್‌ಆರ್‌ಟಿ ಕಡತವಾಗಿ ಕನ್ನಡ ಉಪಶೀರ್ಷಿಕೆಯ ಜಾಗದಲ್ಲಿ ಸೇರಿಸಿ. ಒಂದು ಬಾರಿಗೆ ಎರಡು ಸಾಲಿಗಿಂತ ಹೆಚ್ಚು ಬೇಡ. ಸ್ಲೈಡು, ಪ್ರಬಂಧ, ಚಾಟಿನಲ್ಲಿ ಬಂದ ಲಿಂಕುಗಳನ್ನು ವಿವರಣೆಯಲ್ಲಿ ಕೊಡಿ.

ಕಾರ್ಯಕ್ರಮಕ್ಕೆಂದು ಮಾಡಿದ ವಾಟ್ಸಾಪ್ ಗುಂಪು ಮುಂದೆ ಆ ವಿಷಯದ ಬಳಗವಾಗಿ ಉಳಿಯುವುದುಂಟು. ಪುಸ್ತಕ ಬಿಡುಗಡೆ, ಹುದ್ದೆಯ ಪ್ರಕಟಣೆ, ಮುಂದಿನ ಸಂಕಿರಣದ ಸುದ್ದಿ ಎಲ್ಲ ಅಲ್ಲಿಯೇ ಓಡಾಡುತ್ತವೆ. ಗುಂಪಿನ ವಿವರಣೆಯಲ್ಲಿ ನಾಲ್ಕು ನಿಯಮ ಬರೆದಿಡಿ: ಚಿತ್ರ ಹಾಕಿದರೆ ಅದರ ಸಾರಾಂಶ ಅಕ್ಷರದಲ್ಲಿ, ವಾಯ್ಸ್ ಮೆಸೇಜ್ ಕಳಿಸಿದರೆ ಎರಡು ಸಾಲಿನ ಬರಹ, ಪತ್ರಿಕೆಯ ತುಣುಕು ಹಾಕಿದರೆ ಲಿಂಕ್, ಮತ್ತು ಅಭಿನಂದನೆಗೆ ಒಂದೇ ಒಂದು ಇಮೋಜಿ. ಸಾಲಾಗಿ ಹಾಕಿದ ಕೈಮುಗಿಯುವ ಚಿಹ್ನೆ, ಹೂಗುಚ್ಛಗಳನ್ನು ಸ್ಕ್ರೀನ್ ರೀಡರ್ ಹೆಸರು ಹಿಡಿದು ಓದುತ್ತದೆ. ಇನ್ನೂರು ಜನರ ಗುಂಪಿನಲ್ಲಿ ಒಬ್ಬರಿಗೆ ಪಿಎಚ್‌ಡಿ ಬಂದ ದಿನ ಅಂಧ ಸದಸ್ಯರು ಗುಂಪನ್ನು ಮ್ಯೂಟ್ ಮಾಡುವುದು ಅಸೂಯೆಯಿಂದಲ್ಲ.